ಕಲ್ಲೆತ್ತಿ ನೋಡಿದ ತುಂಗೆ

ಮೊದಲ ದಿನ: ಹೊಳೆಯ ತಲೆಯ ಕಡೆಗೆ

ಬೆಳಗಿನ ಐದೂವರೆಗೆ ಶಿವಮೊಗ್ಗದಿಂದ ಹೊರಡಬೇಕಿದ್ದ ಟೆಂಪೋ ಟ್ರಾವೆಲರ್ (ಟಿಟಿ) ಹೊರಟಿದ್ದು ಆರೂಕಾಲಿಗೆ. ಗಂಧಕಾಮ್ಲದ ಬಾಟಲಿಯನ್ನು ಎಲ್ಲಿಡುವುದು ಎಂಬ ಚರ್ಚೆಯಲ್ಲೇ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ಅದನ್ನು ಮರಳು ತುಂಬಿದ ಸ್ಟೀಲ್ ಡಬ್ಬಿಯೊಳಗೆ ಹೂತು, ಡಬ್ಬಿಯನ್ನು ನನ್ನ ಕಾಲ ಬುಡದಲ್ಲೇ ಇಟ್ಟುಕೊಂಡೆ. ಜೊತೆಗೆ ಬಂದ ಹಿಂದಿ ಮೇಡಂ ಐದು ದಿನವೂ ಆ ಡಬ್ಬಿಯಿಂದ ಎರಡು ಸೀಟು ದೂರವೇ ಕೂತರು.

ಒಂಬತ್ತನೇ ತರಗತಿಯ ಹನ್ನೆರಡು ಮಕ್ಕಳು, ನಾವಿಬ್ಬರು, ಡ್ರೈವರ್. ಗಂಗಾಮೂಲದ ಕಡೆಯಿಂದ ಕೂಡ್ಲಿಯವರೆಗೆ ತುಂಗೆ ಹರಿಯುವುದು 147 ಕಿಲೋಮೀಟರ್. ಅದರ ಜೊತೆಯಲ್ಲೇ ಇಳಿಯುತ್ತ ಅಲ್ಲಲ್ಲಿ ನಿಂತು ನೀರನ್ನು ಪರೀಕ್ಷೆ ಮಾಡುವುದು ನಮ್ಮ ಯೋಜನೆ. ಇದಕ್ಕೆಲ್ಲ ಮೂಲ ಒಬ್ಬ ಹುಡುಗನ ಪ್ರಶ್ನೆ. 2024ರ ನವೆಂಬರಿನಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ಶೃಂಗೇರಿಯಿಂದ ಕಿಷ್ಕಿಂಧೆಯ ಕಡೆಗೆ ಪಾದಯಾತ್ರೆ ಹೊರಟಿದ್ದರಲ್ಲ, ಅದು ಶಿವಮೊಗ್ಗಕ್ಕೆ ಬಂದಾಗ ನಮ್ಮ ಮಕ್ಕಳೂ ಸ್ವಲ್ಪ ದೂರ ನಡೆದಿದ್ದರು. ಮರುದಿನ ಕ್ಲಾಸಿನಲ್ಲಿ ಹಿಂದಿನ ಬೆಂಚಿನಿಂದ ಬಂತು: "ಸರ್, ಹೊಳೆಗೆ ಹುಷಾರಿಲ್ಲ ಅಂತ ಎಲ್ರೂ ಹೇಳ್ತಾರೆ. ಜ್ವರ ನೋಡಿದ್ಯಾರು?"

ಜ್ವರ ನೋಡುವವರು ಇದ್ದಾರೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ 351 ಕಲುಷಿತ ನದಿಪಾತ್ರಗಳನ್ನು ಗುರುತಿಸಿತು. ಕರ್ನಾಟಕದ ಪಾಲು 17, ಅದರಲ್ಲಿ ತುಂಗೆಯೂ ಇತ್ತು. ಇದನ್ನು ಹೇಳಿದರೆ ಆ ಹುಡುಗ, "ಅದು ಪೇಪರಲ್ಲಿ ಸರ್" ಅಂದ. ಅವನನ್ನೇ ಥರ್ಮಾಮೀಟರ್ ಹಿಡಿಯುವ ಕೆಲಸಕ್ಕೆ ಹಾಕಿದೆ. ತೀರ್ಥಹಳ್ಳಿ ತಲುಪುವಷ್ಟರಲ್ಲಿ ಅವನ ಹೆಸರೇ ಥರ್ಮಾಮೀಟರ್ ಆಗಿತ್ತು. ಉಳಿದವರಿಗೂ ಹಾಗೆಯೇ: ಬಾಟ್ಲಿ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಪುಸ್ತಕ, ಬಲೆ. ಐದು ದಿನ ಹಾಜರಿ ಕೂಗಿದ್ದೂ ಇದೇ ಹೆಸರಿನಲ್ಲಿ.

ಗಂಗಾಮೂಲಕ್ಕೆ ಹೋಗಲಿಲ್ಲ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಜಾಗ, ಹೋಗಬೇಕೆಂದವರೆಲ್ಲ ಹೋಗುವಂತಿಲ್ಲ, ಹೋಗಲೂಬಾರದು. ತುಂಗೆ ಭದ್ರೆ ಇಬ್ಬರೂ ಅಲ್ಲೇ ಹುಟ್ಟುವುದು, ನೇತ್ರಾವತಿಯೂ ಅಲ್ಲೇ ಎನ್ನುತ್ತಾರೆ. ಶೃಂಗೇರಿ ದಾಟಿ ಎಸ್.ಕೆ. ಬಾರ್ಡರಿನ (ಹಳೆಯ ಸೌತ್ ಕೆನರಾ ಗಡಿಯ) ರಸ್ತೆಯಲ್ಲಿ ಮೇಲೆ ಹೋಗಿ, ಕೆರೆಕಟ್ಟೆಯ ಕೆಳಗೆ ಅರಣ್ಯ ಇಲಾಖೆಯವರು ತೋರಿಸಿದ ಕಡೆ ಹೊಳೆಗೆ ಇಳಿದೆವು. ಜನವರಿ ತಿಂಗಳು, ನೀರು ಮೊಣಕಾಲಿನವರೆಗೆ. ಗುಂಡು ಗುಂಡು ಕಲ್ಲು, ಮೇಲೆ ಮರಗಳ ನೆರಳು. ಕಾಲಿಟ್ಟ ಬಾಟ್ಲಿ "ಅಯ್ಯಬ್ಬಾ" ಎಂದು ವಾಪಸ್ ಜಿಗಿದ.

ಮೊದಲು ಆಮ್ಲಜನಕ. ಮೀನಾಗಲಿ ಹುಳವಾಗಲಿ ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಅದನ್ನು ಅಳೆಯಲು ನಮ್ಮಲ್ಲಿ ಮೀಟರ್ ಇಲ್ಲ, ಇರುವುದು ವಿಂಕ್ಲರ್ ವಿಧಾನ. ಗಾಜಿನ ಬಿರಡೆಯ ಬಾಟಲಿಯನ್ನು ನೀರಿನೊಳಗೇ ಓರೆಯಾಗಿ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ಬಾಟ್ಲಿ ಮೂರು ಸಲ ಗುಳ್ಳೆ ಬಿಟ್ಟ, ನಾಲ್ಕನೆಯದು ಸರಿಯಾಯಿತು. ಮ್ಯಾಂಗನೀಸ್ ಸಲ್ಫೇಟ್ ಬಿಟ್ಟು, ಕ್ಷಾರೀಯ ಅಯೋಡೈಡ್ ಬಿಟ್ಟು, ಬಿರಡೆ ಹಾಕಿ ತಲೆಕೆಳಗು ಮಾಡಿದರೆ ಒಳಗೆಲ್ಲ ಮೋಡ ಕವಿದ ಹಾಗೆ ಕಂದು ಬಣ್ಣದ ಗಸಿ. ಆಮ್ಲಜನಕ ಹೆಚ್ಚಿದ್ದಷ್ಟೂ ಕಂದು ಗಾಢ. ನಮ್ಮದು ಬೆಲ್ಲದ ಕಾಫಿಯ ಬಣ್ಣ. ಆಮೇಲೆ ಗಂಧಕಾಮ್ಲ (ಇದು ನನ್ನ ಕೈಯ ಕೆಲಸ, ಮಕ್ಕಳೆಲ್ಲ ಐದು ಹೆಜ್ಜೆ ಹಿಂದೆ), ಗಸಿ ಕರಗಿ ಹೊಂಬಣ್ಣ. ಅದರಲ್ಲಿ 200 ಮಿಲಿಲೀಟರ್ ಅಳೆದು, ಥಯೋಸಲ್ಫೇಟ್ ಹನಿ ಹನಿಯಾಗಿ ಬಿಡುತ್ತ, ನಡುವೆ ಎರಡು ಹನಿ ಗಂಜಿ ಹಾಕಿದರೆ ಕಡುನೀಲಿ. ನೀಲಿ ಮಾಯವಾದ ಗಳಿಗೆ ನಿಲ್ಲಿಸಬೇಕು. ದ್ರಾವಣವನ್ನು ಲೆಕ್ಕ ಹಿಡಿದು ಮಾಡಿಕೊಂಡಿದ್ದರೆ, ಖರ್ಚಾದ ಒಂದು ಮಿಲಿಲೀಟರ್ ಎಂದರೆ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ. ಗುಣಿಸುವುದು ಭಾಗಿಸುವುದು ಏನೂ ಇಲ್ಲ.

ಎಂಟರ ಹತ್ತಿರ ಬಂತು. ಈ ಎತ್ತರಕ್ಕೆ, ಈ ಚಳಿಗೆ ನೀರು ಹೆಚ್ಚುಕಡಿಮೆ ಅಷ್ಟೇ ಹಿಡಿದುಕೊಳ್ಳುವುದು.

ಮಕ್ಕಳಿಗೆ ಇದು ಮ್ಯಾಜಿಕ್ಕಿನಂತೆ ಕಂಡಿತು, ಚಪ್ಪಾಳೆ ತಟ್ಟಿದರು. ಆದರೆ ಅವರು ಹಿಡಿದ ಹಿಡಿತ ಬಿಡದೆ ಕೂತದ್ದು ಮುಂದಿನ ಕೆಲಸಕ್ಕೆ. ಬಲೆ ಎಂಬ ಹುಡುಗಿ ಹರಿವಿಗೆ ಅಡ್ಡಲಾಗಿ ಬಲೆ ಹಿಡಿದು ನಿಂತಳು. ಮೇಲಿನ ಕಡೆ ಇನ್ನೊಬ್ಬ ಒಂದು ನಿಮಿಷ ಕಾಲಿನಿಂದ ಕಲ್ಲುಗಳನ್ನು ಕದಡಿದ. ಬಲೆಗೆ ಬಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದೆವು. ಮೊದಲು ಬರೀ ಎಲೆ, ಕಡ್ಡಿ, ಮರಳು. ಅರ್ಧ ನಿಮಿಷ ಸುಮ್ಮನೆ ನೋಡುತ್ತಿರಿ ಎಂದೆ. ಕಡ್ಡಿಗಳು ನಡೆಯತೊಡಗಿದವು.

ಮೇಫ್ಲೈ ಎಂಬ ನೊಣದ ಮರಿಗೆ ಮೂರು ಬಾಲ, ಹೊಟ್ಟೆಯ ಎರಡೂ ಬದಿಗೆ ಗರಿಯಂಥ ಕಿವಿರು. ಸ್ಟೋನ್‌ಫ್ಲೈ ಮರಿಗೆ ಎರಡೇ ಬಾಲ. ಕ್ಯಾಡಿಸ್ ಮರಿ ಮರಳಿನ ಹರಳುಗಳನ್ನು ಬಾಯಿಯ ರೇಷ್ಮೆಯಿಂದ ಅಂಟಿಸಿ ಮೈಸುತ್ತ ಮನೆ ಕಟ್ಟಿಕೊಳ್ಳುತ್ತದೆ. ಮಕ್ಕಳು ಇಂಗ್ಲಿಷ್ ಹೆಸರುಗಳನ್ನು ಅಲ್ಲೇ ಹೊಳೆಗೆ ಬಿಟ್ಟು ಮೂರುಬಾಲ, ಎರಡುಬಾಲ, ಮನೆಕಟ್ಟುವವ ಎಂದು ಕರೆದರು. ಇವು ಆಮ್ಲಜನಕ ಕಡಿಮೆಯಾದರೆ, ಕೊಳಕು ಹೆಚ್ಚಾದರೆ ಮೊದಲು ಮನೆ ಖಾಲಿ ಮಾಡುವ ಜೀವಿಗಳು. ಹಾಗಾಗಿ ಇವು ಇದ್ದರೆ ಹತ್ತಿರ ಹತ್ತಿರ ಹತ್ತು ಅಂಕ, ಕೊಳಚೆಯಲ್ಲೂ ಬದುಕುವ ಎರೆಹುಳದ ಜಾತಿಯವಕ್ಕೆ ಒಂದು ಅಂಕ ಎಂದು ಬ್ರಿಟನ್ನಿನಲ್ಲಿ ಒಂದು ಲೆಕ್ಕ ಮಾಡಿದ್ದರು. ನಮ್ಮ ಕೇಂದ್ರ ಮಂಡಳಿಯವರೂ ಅದನ್ನು ಇಲ್ಲಿಗೆ ಹೊಂದಿಸಿಕೊಂಡರು. ಬಾಟಲಿಯ ನೀರು ತುಂಬಿದ ಗಳಿಗೆಯ ಸುದ್ದಿ ಮಾತ್ರ ಹೇಳುತ್ತದೆ. ತಿಂಗಳುಗಟ್ಟಲೆ ಒಂದೇ ಕಲ್ಲಿನಡಿ ಬದುಕಿದ ಹುಳ ತಿಂಗಳುಗಳ ಸುದ್ದಿ ಹೇಳುತ್ತದೆ.

"ಹಂಗಾದ್ರೆ ಇವು ಹೊಳೆಯ ಮನೆಯವರು, ನಾವು ನೆಂಟರು" ಎಂದಳು ಬಲೆ. ಎಲ್ಲವನ್ನೂ ಎಣಿಸಿ ವಾಪಸ್ ಬಿಟ್ಟೆವು.

ಸಂಜೆ ನೆಮ್ಮಾರಿನ ತೂಗುಸೇತುವೆಯ ಹತ್ತಿರ ಎರಡನೆಯ ಬಾರಿ. ಸೇತುವೆ ಅಲ್ಲಾಡಿಸುವುದರಲ್ಲಿ ಮಕ್ಕಳಿಗಿದ್ದ ಉತ್ಸಾಹ ಪರೀಕ್ಷೆಯಲ್ಲಿ ಇರಲಿಲ್ಲ. ಬೈಯಲಿಲ್ಲ, ನಾನೂ ಒಮ್ಮೆ ಅಲ್ಲಾಡಿಸಿದೆ.

ಎರಡನೆಯ ದಿನ: ದೇವರ ಮೀನು, ಮನೆಯ ಹಳ್ಳ

ಶೃಂಗೇರಿಯ ಮೆಟ್ಟಿಲುಗಳಲ್ಲಿ ಬೆಳಗ್ಗೆ ಏಳಕ್ಕೇ ಪುರಿ ಮಾರುವವರು ಬಂದಿದ್ದರು. ಪುರಿ ಬಿದ್ದಲ್ಲಿ ನೀರು ಕಪ್ಪಾಗುತ್ತದೆ, ಅಷ್ಟು ಮೀನು. ಮಹಶೀರ್ ಜಾತಿಯ, ತೋಳುದ್ದದ ಮೀನುಗಳು ಒಂದರ ಮೇಲೊಂದು ಹತ್ತುತ್ತವೆ. ಇಲ್ಲಿ ಯಾರೂ ಬಲೆ ಬೀಸುವುದಿಲ್ಲ, ಗಾಳ ಹಾಕುವುದಿಲ್ಲ. ಇಲಾಖೆ, ಕಾನೂನು ಎಲ್ಲ ಹುಟ್ಟುವ ಮೊದಲೇ ನಮ್ಮ ಹೊಳೆಗಳಲ್ಲಿ ದೇವಸ್ಥಾನದ ಮುಂದಿನ ಮಡುಗಳು ಮೀನಿಗೆ ಅಭಯಾರಣ್ಯಗಳಾಗಿದ್ದವು. ಮಡುವಿನ ಮೀನು ದೇವರದ್ದು. ಅದು ಉಸಿರಾಡುವ ನೀರು ಮಾತ್ರ ಮೇಲಿನ ಊರಿನದು, ತೋಟದ್ದು, ಲಾಡ್ಜಿನದು. ಆ ನೀರನ್ನು ಕಾಯುವ ಹರಕೆ ಯಾರೂ ಹೊತ್ತ ಹಾಗೆ ಕಾಣಲಿಲ್ಲ.

ನಮ್ಮ ಬಲೆ ಕಂಡ ಕೂಡಲೇ ಒಬ್ಬ ಹಿರಿಯರು ಓಡಿ ಬಂದರು. "ಏ ಮಾಣಿ, ಇಲ್ಲಿ ಮೀನು ಹಿಡಿಯೂಕಿಲ್ಲ!" ಹುಳ ನೋಡುವುದಕ್ಕೆ ಎಂದು ವಿವರಿಸಿದರೆ ಅವರಿಗೆ ಇನ್ನೂ ಅನುಮಾನ. ಬಲೆ ಮಡಚಿ ಇಟ್ಟೆವು. ನೀರು ಮಾತ್ರ ತುಂಬಿಕೊಂಡು, ಕಪ್ಪೆ ಶಂಕರದ ಹತ್ತಿರ ಕಪ್ಪೆಗೆ ನೆರಳು ಹಿಡಿದ ಹಾವಿನ ಕಥೆ ಹೇಳಿ, ಹರಿಹರಪುರಕ್ಕೆ ಹೊರಟೆವು. ಅಲ್ಲಿಯೂ ಬಾಟಲಿ ತುಂಬಿತು.

ದಾರಿಯುದ್ದಕ್ಕೂ ಅಡಿಕೆ ಸುಲಿಯುವ ಕಾಲ. ಅಂಗಳದಲ್ಲಿ ಹಂಡೆ, ಹೊಗೆ, ಚಪ್ಪರದ ಮೇಲೆ ಕೆಂಪಗೆ ಹರವಿದ ಅಡಿಕೆ. ಟಿಟಿಯಲ್ಲಿ ನಾನು ಪಾಠ ಶುರುಮಾಡಿದೆ: ಮಲೆನಾಡಿನ ಹಳ್ಳಗಳನ್ನು ಏನೇನು ಕೆಡಿಸುತ್ತದೆ? ಕಾಫಿ ಹಣ್ಣು ಪಲ್ಪಿಂಗ್ ಮಾಡಿದ ನೀರು, ಅದರ ಸಕ್ಕರೆ ಅಂಶ ಕೊಳೆಯುವಾಗ ಹಳ್ಳದ ಆಮ್ಲಜನಕವನ್ನು ತಿಂದುಬಿಡುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ. ಆಮೇಲೆ ಅಡಿಕೆ ಬೇಯಿಸಿದ ಚೊಗರು. "ಈ ಚೊಗರನ್ನು ಹಳ್ಳಕ್ಕೆ ಚೆಲ್ಲುತ್ತಾರಲ್ಲ..." ಎಂದೆ. ಬಲೆ ಕಿಟಕಿಯ ಹೊರಗೆ ನೋಡತೊಡಗಿದಳು. ಆ ರಾತ್ರಿ ನಾವು ಉಳಿಯಬೇಕಿದ್ದುದು ಕೊಪ್ಪದ ಆಚೆ ಅವಳ ಮನೆಯಲ್ಲೇ ಎಂಬುದು ಆ ಕ್ಷಣ ನನ್ನ ತಲೆಯಲ್ಲಿ ಇರಲಿಲ್ಲ. ಮೇಷ್ಟ್ರುಗಳ ಬಾಯಿಗೆ ಬ್ರೇಕ್ ಇರುವುದಿಲ್ಲ.

ಮನೆಯಲ್ಲಿ ಅಕ್ಕಿರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದೆಲಗದ ತಂಬುಳಿ. ಊಟ ಮುಗಿಸಿ ಅಂಗಳಕ್ಕೆ ಬಂದರೆ ಅವಳೇ ಅಪ್ಪನ ಮುಂದೆ ನಿಂತು ಕೇಳಿಬಿಟ್ಟಳು: "ಅಪ್ಪಯ್ಯ, ನಾವು ಚೊಗರು ಹಳ್ಳಕ್ಕೆ ಚೆಲ್ತೀವಾ?"

ಅವರು ನನ್ನ ಕಡೆ ತಿರುಗಿದರು. "ಯಾರು ಸರ್ ಹೇಳಿದ್ದು? ಚೊಗರು ಚೆಲ್ಲಿದ್ರೆ ಮುಂದಿನ ಅಡಿಕೆಗೆ ಬಣ್ಣ ಎಲ್ಲಿಂದ ತರೋದು? ಅದನ್ನ ಕುದಿಸಿ ಕುದಿಸಿ ದಪ್ಪ ಮಾಡಿ ಇಡ್ತೀವಿ. ಮಾರೋದೂ ಉಂಟು. ದುಡ್ಡು ಸರ್ ಅದು, ಹಳ್ಳಕ್ಕೆ ಎಂತಕ್ಕೆ ಹಾಕ್ತಾರೆ?"

ತಪ್ಪಾಯಿತು ಎಂದೆ. ನಿಜವಾಗಿಯೂ ತಪ್ಪಾಗಿತ್ತು. ಎಲ್ಲೋ ಓದಿದ್ದನ್ನು ಹಂಡೆ ನೋಡದೆ ಒದರಿದ್ದೆ. ಅವರು ನಕ್ಕು, ಕವಳದ ತಟ್ಟೆ ಮುಂದೆ ತಳ್ಳಿದರು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಬಲೆ ಬಲೆಯನ್ನು ಎತ್ತಿಕೊಂಡು ತೋಟಕ್ಕೆ ಇಳಿದಿದ್ದಳು. ಹಿಂದೆ ಥರ್ಮಾಮೀಟರ್, ಪುಸ್ತಕ, ಬಾಟ್ಲಿ. ಬಿಸಿಲು ಇನ್ನೂ ಸ್ವಲ್ಪ ಇತ್ತು. ಮನೆಯ ಕೆಳಗಿನ ಹಳ್ಳ ಒಂದು ಮಾರು ಅಗಲ. ಮೇಲಿನ ತಿರುವಿನಲ್ಲಿ ಬಲೆ ಹಾಕಿದರೆ ಮೂರುಬಾಲ ಸಿಕ್ಕವು, ಮನೆಕಟ್ಟುವವರೂ ಸಿಕ್ಕರು, ಒಂದು ಏಡಿಮರಿ, ಏರೋಪ್ಲೇನ್ ಚಿಟ್ಟೆಯ ಮರಿ. ಇಪ್ಪತ್ತು ಹೆಜ್ಜೆ ಕೆಳಗೆ, ದಂಡೆಯ ಮೇಲೆ ಹೋದ ವರ್ಷದ್ದೂ ಈ ವರ್ಷದ್ದೂ ಸೇರಿ ಅಡಿಕೆ ಸಿಪ್ಪೆಯ ಗುಡ್ಡೆ. ಮೇಲಿನದು ಹಳದಿ, ಬುಡದ್ದು ಕಪ್ಪು. ಬುಡದಿಂದ ಕಷಾಯದಂಥ ನೀರು ಜಿನುಗಿ ಹಳ್ಳಕ್ಕೆ ಸೇರುತ್ತಿತ್ತು. ಅದರ ಕೆಳಗಿನ ಕಲ್ಲು ಮುಟ್ಟಿದರೆ ಜಾರುತ್ತದೆ, ಬೂದು ಬಣ್ಣದ ಲೋಳೆ. ಎರಡು ಸಲ ಬಲೆ ಹಾಕಿದಳು. ಮೂರನೆಯ ಸಲವೂ ಹಾಕಿದಳು. ಮೂರುಬಾಲ ಒಂದೂ ಇಲ್ಲ. ದಾರದಂಥ ಕೆಂಪು ಹುಳ ಮಾತ್ರ.

ಆ ಕೆಂಪು ಹುಳ ಒಂದು ಬಗೆಯ ನೊಣದ ಮರಿ. ಅದರ ಮೈಯಲ್ಲಿ ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್ ಇದೆ, ಅದಕ್ಕೇ ಆಮ್ಲಜನಕ ಇಲ್ಲದಂಥ ಕಡೆಯೂ ಅದು ಬದುಕುತ್ತದೆ. ಇದನ್ನು ಹೇಳಬೇಕು ಅನ್ನಿಸಿತು. ಈ ಸಲ ಬಾಯಿ ಮುಚ್ಚಿಕೊಂಡಿದ್ದೆ.

ಅಪ್ಪಯ್ಯ ದಂಡೆಯ ಮೇಲೆ ನಿಂತು ಎರಡು ತಟ್ಟೆಗಳನ್ನೂ ನೋಡಿದರು. ತುಂಬ ಹೊತ್ತು ನೋಡಿದರು. "ಸಿಪ್ಪೆ ಎಲ್ಲಿ ಹಾಕೋದು ಹೇಳಿ ಸರ್" ಎಂದರು ಆಮೇಲೆ. "ಗೊಬ್ಬರ ಆಗು ಅಂದ್ರೆ ವರ್ಷಗಟ್ಟಲೆ ಆಗಲ್ಲ. ಸುಟ್ರೆ ಹೊಗೆ. ರಸ್ತೆ ಬದಿಗೆ ಹಾಕಿದ್ರೆ ಜನ ಬೈತಾರೆ. ಹಳ್ಳದ ದಂಡೆ ಒಂದೇ ಯಾರದ್ದೂ ಅಲ್ಲದ್ದು." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಲೆ ತಟ್ಟೆಯ ನೀರನ್ನು ಹಳ್ಳಕ್ಕೆ ಬಿಟ್ಟು, ಮಾತಿಲ್ಲದೆ ಮನೆಗೆ ಹತ್ತಿದಳು.

ಮೂರನೆಯ ದಿನ: ಬಚ್ಚಲೊಲೆಯ ಅನಾಹುತ, ತೀರ್ಥಹಳ್ಳಿ

ನೀರಿನಲ್ಲಿ ಮಲದ ಸೂಕ್ಷ್ಮಜೀವಿ ಇದೆಯೇ ಎಂದು ನೋಡಲು ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಪರೀಕ್ಷೆಯ ಬಾಟಲಿ ತಂದಿದ್ದೆವು. ನಮ್ಮ ದೇಶದಲ್ಲೇ 1980ರ ದಶಕದ ಆರಂಭದಲ್ಲಿ ರೂಪಿಸಿದ, ಹಳ್ಳಿಗೂ ಎಟುಕುವ ಅಗ್ಗದ ಪರೀಕ್ಷೆ. ಗೆರೆಯವರೆಗೆ ನೀರು ತುಂಬಿ ಬೆಚ್ಚಗೆ ಇಟ್ಟರೆ, ಒಂದೆರಡು ದಿನದಲ್ಲಿ ಕಪ್ಪಾದರೆ ಅನುಮಾನ ಪಡಬೇಕು. ಬೆಚ್ಚಗೆ ಎಂದರೆ ಮೈಬಿಸಿಯಷ್ಟು. ಜನವರಿಯ ಮಲೆನಾಡಿನಲ್ಲಿ ಅಷ್ಟು ಬಿಸಿ ಇರುವುದು ಒಂದೇ ಕಡೆ, ಬಚ್ಚಲಲ್ಲಿ. ರಾತ್ರಿ ಎಲ್ಲ ಬಾಟಲಿಗಳನ್ನೂ ಶಾಲಿನಲ್ಲಿ ಸುತ್ತಿ ಬಚ್ಚಲೊಲೆಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೆವು.

ಬೆಳಗ್ಗೆ ಬಾಟ್ಲಿಯ ಕೂಗಿಗೆ ಎಚ್ಚರವಾಯಿತು. ಹಂಡೆಯ ಹಬೆಗೆ ಚೀಟಿಗಳೆಲ್ಲ ಒದ್ದೆ. ಮೊದಲ ದಿನದವನ್ನು ಪುಸ್ತಕ ಬಾಲ್‌ಪೆನ್ನಿನಲ್ಲಿ ಬರೆದು ಮೇಲೆ ಟೇಪ್ ಹಚ್ಚಿದ್ದಳು, ಅವು ಉಳಿದವು. ಎರಡನೆಯ ದಿನದವನ್ನು ಬಾಟ್ಲಿ ಸ್ಕೆಚ್‌ಪೆನ್ನಿನಲ್ಲಿ ಚೆಂದವಾಗಿ ಬಣ್ಣಬಣ್ಣದಲ್ಲಿ ಬರೆದಿದ್ದ. ಈಗ ಅಲ್ಲಿ ಬರೀ ನೇರಳೆ ಮೋಡ. ಶೃಂಗೇರಿ ಯಾವುದು, ಹರಿಹರಪುರ ಯಾವುದು, ಮನೆಯ ಹಳ್ಳ ಯಾವುದು?

"ಸರ್, ನಂಗೆ ಅಂದಾಜಿದೆ. ಇದು ಶೃಂಗೇರಿ ಇರ್ಬೇಕು" ಎಂದ, ಕಣ್ಣಲ್ಲಿ ನೀರು ತುಂಬಿಕೊಂಡು. ಅಂದಾಜು ಬೇಡ ಎಂದೆ. ಆ ಪುಟಕ್ಕೆ ಪುಸ್ತಕ ಅಡ್ಡಗೆರೆ ಎಳೆದು ಕಾರಣ ಬರೆದಳು: "ಚೀಟಿ ಅಳಿಸಿಹೋಗಿದೆ." ಅಷ್ಟು ದೂರದಿಂದ ತಂದ ಎರಡನೆಯ ದಿನದ ಬಾಟಲಿಗಳೆಲ್ಲ ಲೆಕ್ಕದಿಂದ ಹೊರಗೆ. ಕಾಫಿ ಲೋಟ ಹಿಡಿದು ಬಂದ ಅಪ್ಪಯ್ಯ ಬಾಟ್ಲಿಯ ಬೆನ್ನು ತಟ್ಟಿದರು. "ಪೆನ್ಸಿಲಲ್ಲಿ ಬರೀಬೇಕಿತ್ತು ಮಾರಾಯ. ಪೆನ್ಸಿಲು ನೀರಿಗೆ ಹೋಗಲ್ಲ."

ಉಳಿದ ಬಾಟಲಿಗಳಲ್ಲಿ ಇನ್ನೊಂದು ಅಚ್ಚರಿ ಕಾದಿತ್ತು. ಹೋಲಿಸಿ ನೋಡಲೆಂದು ಕುದಿಸಿ ಆರಿಸಿದ ನೀರು ತುಂಬಿದ್ದ ಬಾಟಲಿ ಬಣ್ಣ ಬದಲಿಸಿರಲಿಲ್ಲ. ಕೆರೆಕಟ್ಟೆಯದು ಕಪ್ಪಾಗಿತ್ತು! ಎಂಟರ ಹತ್ತಿರದ ಆಮ್ಲಜನಕ, ತಟ್ಟೆ ತುಂಬ ಮೂರುಬಾಲ, ಮೇಲೆ ಊರೇ ಇಲ್ಲದ ಕಾಡು, ಆದರೂ ಕಪ್ಪು. ಮಕ್ಕಳು ನನ್ನ ಮುಖ ನೋಡಿದರು. ಕಡವೆ, ಕಾಟಿ, ಕಾಡುಹಂದಿ, ಬಿಸಿರಕ್ತದ ಪ್ರಾಣಿಗಳೆಲ್ಲ ಹೊಳೆಗೆ ಬರುತ್ತವಲ್ಲ. ಬಾಟಲಿ ಕಪ್ಪಾಗುತ್ತದೆ, ಯಾರಿಂದ ಎಂದು ಹೇಳುವುದಿಲ್ಲ. ಕೆಲವು ಮಣ್ಣಿನ ಜೀವಿಗಳಿಂದಲೂ ಕಪ್ಪಾಗಬಹುದು. "ಕಾಡಿನ ನೀರು ಅಂತ ಕುಡಿದಿದ್ದೆ ಸರ್ ನಾನು" ಎಂದ ಥರ್ಮಾಮೀಟರ್, ಹೊಟ್ಟೆ ಮುಟ್ಟಿಕೊಳ್ಳುತ್ತ. ಕಪ್ಪು ಬಾಟಲಿಗಳಿಗೆಲ್ಲ ಬ್ಲೀಚಿಂಗ್ ಪುಡಿ ಹಾಕಿ ಚೆಲ್ಲಿ ಹೊರಟೆವು.

ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆ ಜಾತ್ರೆ ಮುಗಿದು ಎರಡು ವಾರವಾಗಿತ್ತು. ಕೊಡಲಿಗೆ ಅಂಟಿದ ರಕ್ತವನ್ನು ಪರಶುರಾಮ ಇಲ್ಲಿ ತೊಳೆದುಕೊಂಡ ಎಂಬುದು ಊರಿನ ಕಥೆ, ಹಾಗಾಗಿ ಮಿಂದರೆ ಪಾಪ ಹೋಗುತ್ತದೆ. ಬಂಡೆಗಳ ಸಂದಿಯಲ್ಲಿ ಪಾಪದ ಜೊತೆ ಬಿಟ್ಟು ಹೋದದ್ದೆಲ್ಲ ಇತ್ತು: ಶಾಂಪೂ ಪೊಟ್ಟಣ, ಸೋಪಿನ ಕಾಗದ, ಒಂಟಿ ಚಪ್ಪಲಿ, ಬನಿಯನ್ನು. ಪೊಟ್ಟಣಗಳೇ ಒಂದು ಬಕೆಟ್ ತುಂಬಿದವು. ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ನಮ್ಮ ಸಡಗರ ನೋಡುತ್ತಿದ್ದರು. ಪಿಎಚ್ ಹತ್ತಿರ ಹೋಗಿ ಬಹಳ ವಿನಯದಿಂದ, "ಅಜ್ಜಿ, ಸೋಪಿನಿಂದ ಹೊಳೆ ಹಾಳಾಗುತ್ತೆ" ಎಂದಳು.

"ಹೌದನೇ ಮಗ? ನಾ ಒಬ್ಬಳು ಒಗೆಯೋದು ಕಾಣುತ್ತೆ ನಿಂಗೆ. ಪೈಪಲ್ಲಿ ಬಂದು ಬೀಳೋದು ಕಾಣಲ್ಲ. ಮನೆಯೊಳಗೆ ಮೆಷಿನ್ನಿಗೆ ಹಾಕಿದ ಸೋಪು ಎಲ್ಲಿಗೆ ಹೋಗುತ್ತೆ, ಆಕಾಶಕ್ಕಾ?"

ಪಿಎಚ್ ವಾಪಸ್ ಬಂದು, ನೋಟ್‌ಬುಕ್ಕಿನಲ್ಲಿ ಅಜ್ಜಿಯ ಪ್ರಶ್ನೆಯನ್ನೂ ಬರೆದಳು. ನೀರಿನ ಪಿಎಚ್ ಏಳರ ಆಸುಪಾಸು, ಅದರ ಕೆಳಗೆ ಅಜ್ಜಿ.

"ಗಂಗಾ ಸ್ನಾನ, ತುಂಗಾ ಪಾನ" ಎಂಬ ಮಾತನ್ನು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ಕುಡಿಯಲು ತುಂಗೆ, ಮೀಯಲು ಗಂಗೆ. ಮಂಡಳಿಯ ವರ್ಗೀಕರಣ ನೋಡಿದರೆ, ಸೋಸದೆ ಬರೀ ಸೋಂಕು ನಿವಾರಿಸಿ ಕುಡಿಯಬಹುದಾದ 'ಎ' ವರ್ಗದ ನೀರಿಗೆ ಆಮ್ಲಜನಕ ಆರಾದರೂ ಇರಬೇಕು, ಕೋಲಿಫಾರ್ಮ್ (ಮಲದ ಸುಳಿವು ಕೊಡುವ ಸೂಕ್ಷ್ಮಜೀವಿ) 100 ಮಿಲಿಲೀಟರಿಗೆ 50ರ ಒಳಗೆ. ಮೀಯುವ 'ಬಿ' ವರ್ಗಕ್ಕೆ ಆಮ್ಲಜನಕ ಐದು, ಕೋಲಿಫಾರ್ಮ್ 500ರ ಒಳಗೆ. ಸ್ನಾನ, ಪಾನ ಎರಡಕ್ಕೂ ಗೆರೆ ಎಳೆದಿದ್ದಾರೆ. ನಮ್ಮ ಬಾಟಲಿಗಳು ಕಪ್ಪೋ ಅಲ್ಲವೋ ಎಂದು ಹೇಳುತ್ತವೆಯೇ ಹೊರತು ಸಂಖ್ಯೆ ಹೇಳುವುದಿಲ್ಲ. ಗಾದೆ ಇನ್ನೂ ಉಳಿದಿದೆಯೇ ಎಂದು ಮಕ್ಕಳು ಕೇಳಿದ್ದಕ್ಕೆ, ಲ್ಯಾಬಿಗೆ ಕಳಿಸಬೇಕು ಎಂದಷ್ಟೇ ಹೇಳಿದೆ.

ಅಂದಿನಿಂದ ಚೀಟಿಗಳೆಲ್ಲ ಪೆನ್ಸಿಲಿನಲ್ಲಿ.

ನಾಲ್ಕನೆಯ ದಿನ: ಆನೆಗಳು

ಮಂಡಗದ್ದೆಯ ನಡುಗಡ್ಡೆಯಲ್ಲಿ ಒಂದೂ ಗೂಡಿನ ಸದ್ದಿಲ್ಲ. ಬೆಳ್ಳಕ್ಕಿ, ನೀರುಕಾಗೆ ಇಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಜನವರಿಯಲ್ಲಿ ಬಂದವರಿಗೆ ಬೋರ್ಡು, ಮರ ಮತ್ತು ಹೊಳೆ. ಸಕ್ರೆಬೈಲಿನಲ್ಲಿ ಗಾಜನೂರು ಅಣೆಕಟ್ಟೆಯ ಹಿನ್ನೀರಿಗೆ ಆನೆಗಳು ಸ್ನಾನಕ್ಕೆ ಇಳಿದಿದ್ದವು. ಮರಿಯಾನೆ ನೀರಲ್ಲೇ ಲದ್ದಿ ಹಾಕಿತು. "ಸರ್, ಇಲ್ಲಿ ಬಾಟಲಿ ತುಂಬೋದು ಬೇಡ, ಉತ್ತರ ಗೊತ್ತಾಯ್ತು" ಎಂದ ಬಾಟ್ಲಿ. ಚೀಟಿ ಅಳಿಸಿಹೋದ ಮೇಲೆ ಅವನು ಮೊದಲ ಸಲ ನಕ್ಕಿದ್ದು.

ಗಾಜನೂರಿನಲ್ಲಿ ಹೊಳೆ ಹೊಳೆಯಾಗಿರದೆ ಕೆರೆಯಾಗಿತ್ತು. ನಿಂತ ನೀರಿನಲ್ಲಿ ಕದಡಲು ಕಲ್ಲಿಲ್ಲ, ಹರಿವಿಲ್ಲ, ಮೂರುಬಾಲಕ್ಕೆ ಇಲ್ಲಿ ಮನೆಯಿಲ್ಲ. ಕಪ್ಪು ಬಿಳುಪಿನ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಅಳೆದೆವು. ಮಧ್ಯಾಹ್ನಕ್ಕೆ ಶಿವಮೊಗ್ಗ. ಸೀದಾ ಮನೆ ಸೇರಿ ನಿದ್ದೆ.

ಐದನೆಯ ದಿನ: ಊರು, ಆಮೇಲೆ ಕೂಡ್ಲಿ

ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಶಿವಮೊಗ್ಗದವರ ಅಳತೆಗೋಲು. ಮಳೆಗಾಲದಲ್ಲಿ ಅದು ಮುಳುಗಿತೆಂದರೆ ಹೊಳೆ ತುಂಬಿತು ಎಂದರ್ಥ, ಬಾಗಿನಕ್ಕೆ ಜನ ಓಡುತ್ತಾರೆ. ಹೊಳೆ ಎಷ್ಟಿದೆ ಎಂದು ಊರಿಗೆಲ್ಲ ಗೊತ್ತು. ಹೇಗಿದೆ ಎಂದು ತಿಳಿಸುವ ಮಂಟಪ ಯಾರೂ ಕಟ್ಟಿಲ್ಲ.

ಊರಿನ ಮೇಲಿನ ಕಡೆ ಒಂದು ಬಾಟಲಿ, ಆಮೇಲೆ ಒಂದು ದೊಡ್ಡ ಚರಂಡಿ ಹೊಳೆಗೆ ಸೇರುವ ಬಾಯಿಯಲ್ಲಿ ಇನ್ನೊಂದು. ವಾಸನೆಗೆ ಹಿಂದಿ ಮೇಡಂ ಸೆರಗು ಮುಚ್ಚಿಕೊಂಡರೂ ಹಿಂದೆ ಸರಿಯಲಿಲ್ಲ. ನಾನು ಕೈಗವಸು ಹಾಕಿ ತುಂಬಿದೆ. ಮ್ಯಾಂಗನೀಸ್, ಅಯೋಡೈಡ್, ಬಿರಡೆ, ತಲೆಕೆಳಗು. ನಾಲ್ಕು ದಿನ ಇದೇ ಕೈ, ಇದೇ ಬಾಟಲಿ, ಕಂದು ನೋಡಿ ನೋಡಿ ಮಕ್ಕಳಿಗೆ ಅಭ್ಯಾಸವಾಗಿತ್ತು. ಗಸಿ ಇಳಿಯಿತು.

ಬಿಳಿ. ಹಾಲಿನಂಥ ಬಿಳಿ.

"ಕೆಮಿಕಲ್ ಹಾಳಾಗಿದೆಯಾ ಸರ್?" ಎಂದಳು ಪುಸ್ತಕ. ಇಲ್ಲ. ಕಂದಾಗಲು ಆಮ್ಲಜನಕ ಬೇಕು, ಅದು ಇದರಲ್ಲಿ ಇಲ್ಲ. ನಂಬಲಿ ಎಂದು ಮೇಲಿನ ನೀರಿಗೆ ಅದೇ ಸೀಸೆಯಿಂದ ಹಾಕಿ ತೋರಿಸಿದೆ. ಕಂದು. ಎರಡು ಬಾಟಲಿಗಳನ್ನೂ ಮೆಟ್ಟಿಲ ಮೇಲೆ ಅಕ್ಕಪಕ್ಕ ಇಟ್ಟೆವು. ದಾರಿಹೋಕರು ನಿಂತರು. ತರಕಾರಿ ಚೀಲ ಹಿಡಿದವರೊಬ್ಬರು, "ಬಿಳಿದು ಒಳ್ಳೇದಾ?" ಎಂದು ಕೇಳಿದರು. ಥರ್ಮಾಮೀಟರ್ ಅವರಿಗೆ ವಿವರಿಸತೊಡಗಿದ. ನನಗಿಂತ ಚೆನ್ನಾಗಿಯೇ ಹೇಳಿದ. ಕೊನೆಗೆ ಸೇರಿಸಿದ: "ಇದು ನಮ್ಮನೆ ಕಡೆಯಿಂದ ಬರೋ ಚರಂಡಿ ಅಂಕಲ್. ನಮ್ಮನೆ ನೀರೂ ಇದರಲ್ಲೇ ಇದೆ."

ಚರಂಡಿ ಬೆರೆತ ಮೇಲೆ ಸ್ವಲ್ಪ ಕೆಳಗೆ ಅಳೆದರೆ ಆಮ್ಲಜನಕ ಮೀಯುವ ನೀರಿನ ಐದರ ಗೆರೆ ಮುಟ್ಟಲಿಲ್ಲ. ಕಲ್ಲಿನ ಅಡಿ ಕೆಂಪು ಹುಳಗಳ ಸಂತೆ. ಬಲೆ ನೋಡಿ, "ನಮ್ಮನೆ ಸಿಪ್ಪೆ ಗುಡ್ಡೆ ಕೆಳಗೂ ಇದೇ ಇತ್ತು" ಎಂದಳು. ಹಳ್ಳದ ವಿಷಯ ಅವಳ ಬಾಯಲ್ಲಿ ಬಂದದ್ದು ಮೂರು ದಿನದಲ್ಲಿ ಅದೇ ಮೊದಲು.

ಕೂಡ್ಲಿ ಅಲ್ಲಿಂದ ಹದಿನೈದು ಕಿಲೋಮೀಟರಿನ ಆಸುಪಾಸು. ಎರಡು ಹೊಳೆ ಸೇರುವ ಮೂಲೆಯಲ್ಲಿ ನಂದಿ, ಹಿಂದೆ ಹೊಯ್ಸಳರ ಕಾಲದ ದೇವಸ್ಥಾನ. ಒಂದೇ ಬೆಟ್ಟದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಬೇರೆ ಬೇರೆ ಕಷ್ಟ ಪಟ್ಟು ಬಂದ ಅಕ್ಕತಂಗಿಯರು. ಕುದುರೆಮುಖದ ಗಣಿಯ ಕೆಂಪು ಹೂಳನ್ನು ಹೊತ್ತವಳು ಭದ್ರೆ. ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿ ನಿಂತದ್ದು 2005ರ ಕೊನೆಗೆ, ಈ ಮಕ್ಕಳು ಹುಟ್ಟುವ ಮೊದಲೇ. ಅಲ್ಲಿ ಜನ ಹೋರಾಡಿದರು, ದಾಖಲೆ ಹಿಡಿದು ಕೋರ್ಟಿಗೆ ಹೋದರು ಎಂದೆ. "ದಾಖಲೆ ಅಂದ್ರೆ ನಮ್ಮ ಪುಸ್ತಕದ ಥರದ್ದಾ?" ಎಂದಳು ಪುಸ್ತಕ. ಹೆಚ್ಚುಕಡಿಮೆ ಹಾಗೆಯೇ, ಅದರಲ್ಲಿ ಅಡ್ಡಗೆರೆ ಎಳೆದ ಪುಟಗಳೂ ಇರುತ್ತವೆ ಎಂದೆ.

ತುಂಗೆಯದೊಂದು, ಭದ್ರೆಯದೊಂದು, ಕೂಡಿದ ಮೇಲಿನದೊಂದು, ಮೂರು ಬಾಟಲಿ ತುಂಬಿದೆವು. ಅಸ್ಥಿ ಬಿಡಲು ಬಂದ ಒಂದು ಕುಟುಂಬ ಪಕ್ಕದಲ್ಲೇ ಇತ್ತು. ಅವರ ಕೆಲಸ ಮುಗಿಯುವವರೆಗೆ ಮಕ್ಕಳು ಬಲೆ ಮಡಚಿ ಸುಮ್ಮನೆ ನಿಂತರು, ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ದಡದಲ್ಲಿ ಬಿಟ್ಟ ಬಟ್ಟೆಗಳನ್ನು ಕೋಲಿನಿಂದ ಎಳೆದು ಒಂದು ಕಡೆ ಗುಡ್ಡೆ ಹಾಕಿದರು.

ಎಂಟು ದಿನದ ಮೇಲೆ

ನೋಟ್‌ಬುಕ್ಕಿನ ನಕಲು, ಎರಡು ಬಾಟಲಿಗಳ ಫೋಟೊ, ಒಂದು ಅರ್ಜಿ ಸೇರಿಸಿ ಮಕ್ಕಳೇ ಒಂದು ಕಚೇರಿಗೆ ಕೊಟ್ಟು ಬಂದಿದ್ದಾರೆ. ಸ್ವೀಕೃತಿಯ ಸೀಲು ಬಿದ್ದಿದೆ. ಪ್ರತಿ ತಿಂಗಳ ಎರಡನೆಯ ಶನಿವಾರ ಅದೇ ಚರಂಡಿಯ ಮೇಲೆ ಮತ್ತು ಕೆಳಗೆ ಅಳೆಯುವುದೆಂದು ಪಾಳಿ ಹಾಕಿಕೊಂಡಿದ್ದಾರೆ. ಎಷ್ಟು ತಿಂಗಳು ನಡೆಯುತ್ತದೋ ನೋಡಬೇಕು, ಮಾರ್ಚಿನಲ್ಲಿ ಪರೀಕ್ಷೆ ಇದೆ.

ನಿನ್ನೆ ಸಂಜೆ ಹಾಸ್ಟೆಲಿನಿಂದ ಬಲೆ ಓಡಿ ಬಂದಳು. ಊರಿನಿಂದ ಬಸ್ಸಿಗೆ ಹಾಕಿ ಕಳಿಸಿದ್ದಾರೆ, ಕಂಡಕ್ಟರ್ ಕೊಟ್ಟ ಎಂದು ಒಂದು ಕೈಚೀಲ ಮುಂದಿಟ್ಟಳು. ಒಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಎರಡು ಉಪ್ಪಿನಕಾಯಿ ಬಾಟಲಿ. ಪ್ರತಿಯೊಂದಕ್ಕೂ ದಾರದಲ್ಲಿ ಕಟ್ಟಿದ ರಟ್ಟಿನ ತುಂಡು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ: "ಗುಡ್ಡೆಯ ಮೇಲೆ. ಬೆಳಗ್ಗೆ 7." "ಗುಡ್ಡೆ ಇದ್ದ ಜಾಗದ ಕೆಳಗೆ. ಬೆಳಗ್ಗೆ 7-10."

ಮುಕ್ಕಾಲು ನೀರು, ಕಾಲು ಗಾಳಿ. ಅಷ್ಟು ದೂರ ಬಸ್ಸಿನಲ್ಲಿ ಕುಲುಕಿಕೊಂಡು ಬಂದಿದೆ. ಮುಚ್ಚಳ ತೆರೆದರೆ ಅಪ್ಪೆಮಿಡಿಯ ಪರಿಮಳ. ಆಮ್ಲಜನಕದ ಲೆಕ್ಕಕ್ಕೆ ಇದು ಬರುವುದಿಲ್ಲ, ಪಿಎಚ್ ಕೂಡ ನಂಬುವ ಹಾಗಿಲ್ಲ ಎಂದೆ.

"ಅದು ಗೊತ್ತು ಸರ್" ಎಂದಳು. "'ಇದ್ದ' ಅಂತ ಬರ್ದಿದ್ದಾರೆ ನೋಡಿ."

ಕಿಟಕಿಯ ಮೇಲೆ ಒಣಗಲು ಹಾಕಿದ್ದ ಬಲೆಯನ್ನು ತೆಗೆದು ಅವಳ ಕೈಗೆ ಕೊಟ್ಟೆ. ಶನಿವಾರ ಊರಿಗೆ ಹೋಗುತ್ತಾಳಂತೆ.